ಮೂವತ್ತೊಂದು ಎಂಬ ಸೊನ್ನೆ

ನಿವೃತ್ತಿಗೆ ಐದು ದಿನ ಉಳಿದಾಗ ಜನ ಸಾಮಾನ್ಯವಾಗಿ ಮೇಜಿನ ಖಾನೆ ಖಾಲಿ ಮಾಡುತ್ತಾರೆ, ಬರೆಯದ ಪೆನ್ನುಗಳನ್ನು ಉದಾರವಾಗಿ ಹಂಚುತ್ತಾರೆ, ಸಿಕ್ಕವರನ್ನು ನಿಲ್ಲಿಸಿ ಬುದ್ಧಿ ಹೇಳುತ್ತಾರೆ. ತಕ್ಕಡಿ ಮೇಡಂ ಇದ್ಯಾವುದನ್ನೂ ಮಾಡದೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೈಗವಸು ಹಾಕಿಕೊಂಡು ಕೊನೆಯ ಸಲ ಪ್ರೋಟೀನ್ ತೆಗೆಯಲು ನಿಂತಳು. ಮೇಡಂ ಅನ್ನುವುದು ಎದುರಿಗೆ. ಬೆನ್ನ ಹಿಂದೆ ಬರೀ ತಕ್ಕಡಿ. ಮೂವತ್ತು ವರ್ಷದಲ್ಲಿ ಯಾರ ಕಡೆಗೂ ಎಳ್ಳಷ್ಟೂ ವಾಲದ ಹೆಂಗಸಿಗೆ ಲ್ಯಾಬಿನವರು ಇಟ್ಟ ಹೆಸರು ಅದು. ಆಕೆಗೂ ಗೊತ್ತಿತ್ತು. ಗೊತ್ತಿಲ್ಲದವಳಂತೆ ಓಡಾಡುವುದರಲ್ಲಿ ಒಂದು ಸುಖವೂ ಇತ್ತು.

ಲ್ಯಾಬಿನ ಕೆಲಸ ಕೇಳುವುದಕ್ಕೆ ಮಕ್ಕಳಾಟದಂತಿತ್ತು. ಸೊರಗಿದ ಶ್ವಾಸಕೋಶದಲ್ಲಿ ಬಿಡಾರ ಹೂಡುವ ಒಂದು ಬ್ಯಾಕ್ಟೀರಿಯಾ ಇದೆ. ಅದು ಹೊಕ್ಕ ಎದೆಯಿಂದ ಹಸಿರು ಕಫ ಬರುತ್ತದೆ, ಎಂಥ ಔಷಧಿಗೂ ಅದು ಸೊಪ್ಪು ಹಾಕುವುದಿಲ್ಲ. ಅದರ ಬಳಿ ಕೈಯಂಥ ಒಂದು ಪ್ರೋಟೀನ್. ಶ್ವಾಸಕೋಶದ ಜೀವಕೋಶಗಳ ಮೈಮೇಲಿರುವ ಸಕ್ಕರೆಯನ್ನು ಆ ಕೈಯಿಂದ ಹಿಡಿದುಕೊಂಡೇ ಅದು ತಳವೂರುವುದು. ಹಾಗಾದರೆ ಆ ಕೈಗೆ ಸಕ್ಕರೆಯಂತೆಯೇ ಕಾಣುವ, ಆದರೆ ಸಕ್ಕರೆಗಿಂತ ಗಟ್ಟಿಯಾಗಿ ಅಂಟುವ ಇನ್ನೊಂದನ್ನು ಕೊಟ್ಟುಬಿಟ್ಟರೆ? ತುಂಬಿದ ಕೈಯಲ್ಲಿ ಶ್ವಾಸಕೋಶವನ್ನು ಹಿಡಿಯಲಾಗದು, ಕೆಮ್ಮಿದರೆ ಆಚೆ. ಇಂಥ ಹುಸಿ ಸಕ್ಕರೆಗಳನ್ನು ಕಟ್ಟುವುದು ಮೇಲಿನ ಮಹಡಿಯ ರಸಾಯನದವರ ಕೆಲಸ. ಆ ಕೈಯನ್ನು, ಅಂದರೆ ಪ್ರೋಟೀನನ್ನು, ಶುದ್ಧವಾಗಿ ತೆಗೆದು, ಯಾರ ಸಕ್ಕರೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ಅಳೆದು ಹೇಳುವುದು ಕೆಳಗಿನ ಕೋಣೆಯ ತಕ್ಕಡಿಯ ಕೆಲಸ. ಮೇಲಿನವರು ಆರು ತಿಂಗಳು ಹೆಣಗಿ ಕಟ್ಟಿದ್ದನ್ನು ಆಕೆ ಅರ್ಧ ಗಂಟೆಯಲ್ಲಿ ಅಳೆದು ಬದಿಗಿಡುತ್ತಿದ್ದಳು.

ಅಳತೆಯ ಅಂಕಿ ಚಿಕ್ಕದಾದಷ್ಟು ಹಿಡಿತ ಗಟ್ಟಿ. ನೂರಕ್ಕಿಂತ ಕೆಳಗೆ ಬಂದರೆ ಇಲಿಗಳಿಗೆ ಕೊಟ್ಟು ನೋಡಬಹುದು ಎಂದು ಲ್ಯಾಬಿನವರು ಗೆರೆ ಎಳೆದಿದ್ದರು. ಇನ್ನೂರ ನಲವತ್ತು ಸಕ್ಕರೆಗಳಾದರೂ ಒಂದೂ ಆ ಗೆರೆ ಮುಟ್ಟಿರಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿದ್ದ ಇನ್ನೂರಾರನೆಯದು ಒಂಬೈನೂರಕ್ಕೆ ನಿಂತಿತ್ತು. ಪಕ್ಕದ ಆಸ್ಪತ್ರೆಯ ಎದೆರೋಗದ ಡಾಕ್ಟರು ಪ್ರತಿ ವರ್ಷದ ಸಭೆಗೂ ಬಂದು ಹಿಂದಿನ ಸಾಲಿನಲ್ಲಿ ಕುಳಿತು, "ಏನಾದ್ರೂ ಇಳೀತಾ?" ಎಂದು ಒಂದೇ ಪ್ರಶ್ನೆ ಕೇಳಿ, ಇಲ್ಲವೆಂದಾಗ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಅವರ ವಾರ್ಡಿನಲ್ಲಿ ಹಸಿರು ಕಫದವರು ಯಾರೂ ಮುಂದಿನ ಸಭೆಗಾಗಿ ಕಾಯುತ್ತಿರಲಿಲ್ಲ.

ಇನ್ನು ಸಾಲಿನ ಈ ತುದಿಯಲ್ಲಿ ಮೂವತ್ತೊಂದನೆಯ ಹುಸಿ ಸಕ್ಕರೆ. ಅದು ಲ್ಯಾಬಿನ ಅಧಿಕೃತ ಸೊನ್ನೆ. ಯಾವ ಪರೀಕ್ಷೆಗಾದರೂ ಖಂಡಿತವಾಗಿ ಅಂಟದ ಒಂದು ವಸ್ತುವನ್ನು ಪಕ್ಕದಲ್ಲಿಟ್ಟು ನೋಡಬೇಕಲ್ಲ, ಅದಕ್ಕೆ ಮೂವತ್ತೊಂದು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಪಾಠ ಆಗುತ್ತಿತ್ತು: ಅಂಟುವುದಕ್ಕೆ ಇನ್ನೂರಾರು, ಅಂಟದ್ದಕ್ಕೆ ಮೂವತ್ತೊಂದು. ಮೂವತ್ತೊಂದನ್ನು ಕಟ್ಟಿದವನು ತಕ್ಕಡಿಯ ಸ್ವಂತ ತಮ್ಮ ಎಂಬ ಪಾಠ ಎರಡನೆಯ ದಿನಕ್ಕೆ.

ಆ ಕಥೆಯನ್ನು ಲ್ಯಾಬಿನ ಮುಖ್ಯಸ್ಥರು ಚಪ್ಪರಿಸಿಕೊಂಡು ಹೇಳುತ್ತಿದ್ದರು. ಹತ್ತು ವರ್ಷದ ಹಿಂದೆ ಆಕೆಯ ತಮ್ಮ ಈ ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕಿದಾಗ, "ಈತ ನನ್ನ ಒಡಹುಟ್ಟಿದವನು, ಈತನಿಗೆ ಯಾವ ರಿಯಾಯಿತಿಯೂ ಕೂಡದು" ಎಂದು ಅಕ್ಕನೇ ಚೀಟಿ ಬರೆದು ಕಳಿಸಿದ್ದಳಂತೆ. ರಿಯಾಯಿತಿ ಇಲ್ಲದೆಯೇ ಅವನು ಆಯ್ಕೆಯಾದ. ಒಂದು ವರ್ಷ ಕೂತು ಮೂವತ್ತೊಂದನ್ನು ಕಟ್ಟಿದ. ಅಕ್ಕ ಅಳೆದಳು. ಏನೂ ಇಲ್ಲ. ತಮ್ಮ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತು, "ಅಕ್ಕಾ, ಇದು ಸ್ವಲ್ಪ ನಿಧಾನ. ಅರ್ಧ ಗಂಟೆ ಸಾಲಲ್ಲ, ನಾಲ್ಕು ಗಂಟೆ ಬಿಟ್ಟು ನೋಡು" ಎಂದಿದ್ದ.

"ಊರಿಗೆಲ್ಲ ಅರ್ಧ ಗಂಟೆ, ನನ್ನ ತಮ್ಮನಿಗೆ ನಾಲ್ಕು ಗಂಟೆಯಾ?"

"ತಮ್ಮ ಅಂತಲ್ಲ, ಅದರ ಆಕಾರ ಹಾಗಿದೆ. ಕೂತ್ಕೊಳ್ಳೋಕೆ ಟೈಮ್ ಬೇಕು."

"ಏನಿದ್ರೂ ಬರವಣಿಗೇಲಿ ಕೇಳು. ಬಾಗಿಲಲ್ಲಿ ನಿಂತು ಅಕ್ಕಾ ಅಂತ ಕೇಳ್ಬೇಡ. ಮನೇಲಂತೂ ಕೇಳ್ಲೇಬೇಡ."

ಅವನು ಮತ್ತೆ ಕೇಳಲಿಲ್ಲ. ಮೂವತ್ತೊಂದು ಸೊನ್ನೆಯಾಯಿತು, ಗುತ್ತಿಗೆ ಮುಗಿದಾಗ ತಮ್ಮನೂ ಮನೆಗೆ ಹೋದ. ಈಗ ಅವನು ಕೆಮ್ಮಿನ ಸಿರಪ್ಪಿಗೆ ಹಾಕುವ ಸಿಹಿಗುಳಿಗೆಯ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಅಧಿಕಾರಿ. ಬ್ಯಾಕ್ಟೀರಿಯಾದ ಕೈಗೆ ಹುಸಿ ಸಕ್ಕರೆ ಕೊಡಲು ಹೊರಟವನು ಜನರ ನಾಲಿಗೆಗೆ ಹುಸಿ ಸಕ್ಕರೆ ಕೊಡುತ್ತಿದ್ದ. ನಾಲಿಗೆಗಳು ಒಪ್ಪಿಕೊಂಡಿದ್ದವು. ಅಕ್ಕ ತಮ್ಮ ತಿಂಗಳಿಗೊಮ್ಮೆ ಸೇರುತ್ತಿದ್ದರು, ನಗುತ್ತಿದ್ದರು, ಮೊಣಕಾಲು ನೋವು, ಮಕ್ಕಳ ಓದು ಎಲ್ಲ ಮಾತಾಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಮೂವತ್ತೊಂದು ಎಂಬ ಶಬ್ದವನ್ನು ಇಬ್ಬರೂ ತುಟಿಗೆ ತಂದಿರಲಿಲ್ಲ. ಅವನು ಅದನ್ನು ಮರೆತಿದ್ದಾನೆ ಎಂದು ಆಕೆ ನಂಬಿದ್ದಳು. ನಂಬಿದ್ದರಿಂದ ನೆಮ್ಮದಿಯಿತ್ತು.

ಈಗ ಸೋಮವಾರಕ್ಕೆ ಬರೋಣ. ಪ್ರೋಟೀನ್ ತೆಗೆಯುವ ಕ್ರಮ ಹೀಗೆ: ಬ್ಯಾಕ್ಟೀರಿಯಾವನ್ನು ಒಡೆದು ಬಂದ ರಸವನ್ನು, ಸಕ್ಕರೆ ಹೊದಿಸಿದ ಸಣ್ಣ ಮಣಿಗಳು ತುಂಬಿದ ಗಾಜಿನ ಕೊಳವೆಗೆ ಸುರಿಯಬೇಕು. ಆ ಕೈ ಇದೆಯಲ್ಲ, ಅದು ಸಕ್ಕರೆ ಕಂಡ ತಕ್ಷಣ ಮಣಿಗಳಿಗೆ ಜೋತುಬೀಳುತ್ತದೆ. ಉಳಿದ ಕಸವೆಲ್ಲ ಹರಿದುಹೋಗುತ್ತದೆ. ಆಮೇಲೆ ಮೇಲಿನಿಂದ ಸಕ್ಕರೆನೀರು ಸುರಿದರೆ, ಕೈ ಮಣಿಯನ್ನು ಬಿಟ್ಟು ಸಕ್ಕರೆನೀರಿನ ಜೊತೆ ಕೆಳಗೆ ಬರುತ್ತದೆ. ಈಗ ಕೈಯ ತುಂಬ ಸಕ್ಕರೆ. ಅದನ್ನು ಬಿಡಿಸಬೇಕು. ಅದಕ್ಕೆ ಪ್ರೋಟೀನನ್ನು ತೆಳು ಪೊರೆಯ ಚೀಲದಲ್ಲಿ ಕಟ್ಟಿ, ತಣ್ಣನೆಯ ಕೋಣೆಯಲ್ಲಿ ದೊಡ್ಡ ಪಾತ್ರೆ ಉಪ್ಪುನೀರಿನಲ್ಲಿ ನೆನೆಹಾಕುವುದು. ಸಕ್ಕರೆ ಪೊರೆ ದಾಟಿ ನೀರಿಗೆ ಹೋಗುತ್ತದೆ, ಪ್ರೋಟೀನ್ ಒಳಗೇ ಉಳಿಯುತ್ತದೆ. ಗೋಡೆಗೆ ಅಂಟಿಸಿದ ಹಳೆಯ ಹಾಳೆಯಲ್ಲಿ, "ಮೂರು ದಿನ, ನೀರು ಬದಲಿಸುತ್ತಾ" ಎಂದು ಬರೆದಿತ್ತು.

ಇಷ್ಟು ವರ್ಷ ಆಕೆ ಚೀಲವನ್ನು ನೀರಿಗೆ ಬಿಡುತ್ತಿದ್ದದ್ದು ಶುಕ್ರವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ತೆಗೆದರೆ ವಾರದ ಪರೀಕ್ಷೆಗೆಲ್ಲ ಆಗುತ್ತಿತ್ತು. ಈ ಶುಕ್ರವಾರ ಮಾತ್ರ ಆಕೆಯ ಬೀಳ್ಕೊಡುಗೆ. ಹೋಗುವ ಮುಂಚೆ ಒಂದು ಒಳ್ಳೆಯ ಪ್ರೋಟೀನ್ ಮಾಡಿಟ್ಟು ಹೋಗಬೇಕೆಂದು ಸೋಮವಾರವೇ ಚೀಲ ಬಿಟ್ಟಳು. ವಾರದ ದಿನಗಳಾದ್ದರಿಂದ ತಣ್ಣನೆಯ ಕೋಣೆಗೆ ಹೋಗಿ ಬಂದು ಮಾಡುತ್ತಿದ್ದಳು, ಹೋದಾಗಲೆಲ್ಲ ಹಳೆಯ ನೀರು ಕಣ್ಣಿಗೆ ಬೀಳುತ್ತಿತ್ತು. ನಿಂತ ನೀರು ಕಂಡರೆ ಆಕೆಗೆ ಮೊದಲಿನಿಂದ ಆಗದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚೆಲ್ಲಿ ಹೊಸದು ತುಂಬಿದಳು. ಗುರುವಾರದ ಹೊತ್ತಿಗೆ ಆರು ಸಲ.

ಗುರುವಾರ ಬೆಳಿಗ್ಗೆ ಚೀಲ ತೆಗೆದು, ಎಂದಿನ ಪರೀಕ್ಷೆಗೆ ಇಟ್ಟಳು. ಗುಳಿಗುಳಿಯಾಗಿರುವ ತಟ್ಟೆ; ಹುಸಿ ಸಕ್ಕರೆ ಅಂಟಿದ ಗುಳಿಯಲ್ಲಿ ಹೊಳಪು ಇಳಿಯುತ್ತದೆ, ಯಂತ್ರ ಅದನ್ನು ಓದುತ್ತದೆ. ಒಂದು ಸಾಲಿಗೆ ಇನ್ನೂರಾರು, ಇನ್ನೊಂದು ಸಾಲಿಗೆ ಮೂವತ್ತೊಂದು. ಅರ್ಧ ಗಂಟೆಯ ಮೇಲೆ ಯಂತ್ರ ಓದಿದ್ದನ್ನು ನೋಡಿ ಆಕೆ ಕನ್ನಡಕ ಒರೆಸಿಕೊಂಡಳು. ಇನ್ನೂರಾರು ಒಂಬೈನೂರರಿಂದ ನಾನೂರಕ್ಕೆ ಇಳಿದಿತ್ತು. ಸೊನ್ನೆಯ ಸಾಲಿನಲ್ಲಿ ಹೊಳಪೇ ಇರಲಿಲ್ಲ.

ಸಾಲು ಅದಲುಬದಲಾಗಿರಬೇಕು ಎಂದು ಮತ್ತೆ ಇಟ್ಟಳು. ಅದೇ. ಸೀಸೆ ಅದಲುಬದಲಾಗಿರಬೇಕು ಎಂದು ಚೀಟಿ ಓದಿದಳು. ತಮ್ಮನ ಗುಂಡು ಅಕ್ಷರದಲ್ಲಿ ಮೂವತ್ತೊಂದು ಎಂದಿತ್ತು. ಮೂರನೆಯ ಸಲಕ್ಕೆ ಫ್ರಿಜ್ಜಿನಲ್ಲಿ ಉಳಿದಿದ್ದ ಕಳೆದ ವಾರದ ಪ್ರೋಟೀನನ್ನೂ ಪಕ್ಕದಲ್ಲಿಟ್ಟು ಅಳೆದಳು. ಹಳೆಯ ಪ್ರೋಟೀನಿನಲ್ಲಿ ಮೂವತ್ತೊಂದು ಎಂದಿನ ಸೊನ್ನೆ. ಹೊಸದರಲ್ಲಿ ಹನ್ನೊಂದು.

ಹನ್ನೊಂದು. ಲ್ಯಾಬು ಎಳೆದ ಗೆರೆ ನೂರು.

ಆಕೆ ಸ್ಟೂಲಿನ ಮೇಲೆ ಕುಳಿತಳು. ಬುದ್ಧಿವಂತೆಯಾದ್ದರಿಂದ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯದು, ಹೊಸದು ಎರಡೂ ಪ್ರೋಟೀನನ್ನು ಬೇರೆ ಬೇರೆ ಕಾಯಿಸಿ, ಅವು ಹಿಡಿದಿದ್ದನ್ನು ಬಿಡಿಸಿ, ಮೇಲೆ ಆಮ್ಲ ಹಾಕಿದಳು. ಸಕ್ಕರೆ ಇದ್ದರೆ ಕಿತ್ತಳೆ ಬಣ್ಣ ಬರುವ ಪರೀಕ್ಷೆ, ಕಾಲೇಜು ಹುಡುಗರೂ ಮಾಡುವಂಥದ್ದು. ಹೊಸದು ನೀರಿನಂತೆ ಸಪ್ಪಗೆ ಉಳಿಯಿತು. ಹಳೆಯದು ಗಾಢ ಕಿತ್ತಳೆಗೆ ತಿರುಗಿತು.

ಶನಿವಾರ, ಭಾನುವಾರ ಕಟ್ಟಡಕ್ಕೆ ಬೀಗ. ಹನ್ನೊಂದು ವರ್ಷದ ಹಿಂದೆ ಕರೆಂಟು ಉಳಿಸಲು ಬಂದ ನಿಯಮ. ಅದಕ್ಕೆ ಮುಂಚೆ ರಜೆಯ ದಿನವೂ ಬಂದು ನೀರು ಬದಲಿಸಿ ಹೋಗುತ್ತಿದ್ದಳು. ನಿಯಮ ಬಂದ ಮೇಲೆ, ಶುಕ್ರವಾರ ಬಿಟ್ಟ ಚೀಲ ಸೋಮವಾರದವರೆಗೆ ಅದೇ ನೀರಿನಲ್ಲಿ, ತಾನು ಬಿಟ್ಟ ಸಕ್ಕರೆಯನ್ನು ತಾನೇ ಮತ್ತೆ ಹಿಡಿದುಕೊಳ್ಳುತ್ತಾ ಕುಳಿತಿರುತ್ತಿತ್ತು. ಪ್ರತಿ ಸಲ ಪುಸ್ತಕದಲ್ಲಿ "ಮೂರು ದಿನ" ಎಂದು ಬರೆದಿದ್ದಳು. ಅದು ಸುಳ್ಳಲ್ಲ, ಕ್ಯಾಲೆಂಡರ್ ಪ್ರಕಾರ ಮೂರು ದಿನವೇ. ಅಲ್ಲಿಂದೀಚೆಗೆ ಬಂದ ಇನ್ನೂರ ನಲವತ್ತು ಹುಸಿ ಸಕ್ಕರೆಗಳನ್ನು, ಆಗಲೇ ನಿಜವಾದ ಸಕ್ಕರೆ ತುಂಬಿಕೊಂಡಿದ್ದ ಕೈಗೆ ಕೊಟ್ಟು, ತಗೊಳ್ಳುತ್ತಾ ನೋಡು ಎಂದು ಪರೀಕ್ಷಿಸಿದ್ದಳು. ನುಗ್ಗುವ ಸ್ವಭಾವದ ಒಂದೆರಡು ಹೇಗೋ ಜಾಗ ಮಾಡಿಕೊಂಡವು. ನಿಧಾನದ ಮೂವತ್ತೊಂದು ಬಾಗಿಲಲ್ಲೇ ನಿಂತಿತು. ಬ್ಯಾಕ್ಟೀರಿಯಾಕ್ಕೆ ಮಾಡಬೇಕಾದ ಮೋಸವನ್ನು ಲ್ಯಾಬು ತನಗೆ ತಾನೇ ಮಾಡಿಕೊಂಡಿತ್ತು, ಅದೂ ನಿಯಮ ತಪ್ಪದೆ.

ಮಾಡಬಹುದಾದದ್ದು ಎರಡು. ಪ್ರೋಟೀನನ್ನು ಚೆಲ್ಲಿ, ತಟ್ಟೆ ತೊಳೆದು, ನಾಳೆ ಹೂಗುಚ್ಛ ಹಿಡಿದು ಮನೆಗೆ ಹೋಗುವುದು. ಅಥವಾ ಹೇಳುವುದು. ಹೇಳಿದರೆ ಮೂವತ್ತು ವರ್ಷದ ಹೆಸರು ಒಂದೇ ಮಧ್ಯಾಹ್ನದಲ್ಲಿ ನೀರುಪಾಲು. ಹೇಳದಿದ್ದರೆ ಮೂವತ್ತೊಂದು ಸೊನ್ನೆಯಾಗಿಯೇ ಸಾಯುತ್ತದೆ. ಸೀಸೆಯಲ್ಲಿ ಉಳಿದಿದ್ದದ್ದು ಉಗುರಿನ ಮೇಲೆ ನಿಲ್ಲುವಷ್ಟು ಪುಡಿ. ಚೆಲ್ಲುವ ಯೋಚನೆ ಬರಲೇ ಇಲ್ಲ ಎಂದು ಆಕೆ ಆಮೇಲೆ ಯಾರಿಗೂ ಹೇಳಿಕೊಳ್ಳಲಿಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕಳು. ಬಂತು. ತೊಟ್ಟಿಯ ಮುಂದೆ ಎರಡು ನಿಮಿಷ ನಿಂತಿದ್ದಳು ಕೂಡ.

ಸಂಜೆ ತಮ್ಮನ ಮನೆಯ ಬಾಗಿಲು ತಟ್ಟಿದಳು. ಮೂರನೆಯ ಮಹಡಿ, ಮೊಣಕಾಲು ಹಿಡಿದುಕೊಂಡು ಹತ್ತಿದ್ದಳು.

"ಅಯ್ಯೋ ಅತ್ತಿಗೆ, ಫೋನ್ ಮಾಡಿದ್ರೆ ಇವರೇ ಬರ್ತಿದ್ರಲ್ಲ," ಎಂದು ತಮ್ಮನ ಹೆಂಡತಿ, ಆಕೆ ಚಪ್ಪಲಿ ಬಿಡುವ ಮುಂಚೆಯೇ, ಕೈಹಿಡಿದು ಕರೆದುಕೊಂಡಳು. ತಮ್ಮ ಟೀ ತಂದ. "ನಮ್ಮ ಫ್ಯಾಕ್ಟರೀದು, ಒಂದೇ ಗುಳಿಗೆ ಹಾಕಿದ್ದೀನಿ. ಸಕ್ಕರೆ ಅಲ್ಲ ಅಂತ ಹೇಳು ನೋಡೋಣ."

ಆಕೆ ಕುಡಿಯಲಿಲ್ಲ. ಲೋಟ ಪಕ್ಕಕ್ಕಿಟ್ಟು ಎಲ್ಲ ಹೇಳಿದಳು. ಚೀಲ, ಶುಕ್ರವಾರ, ಬೀಗ, ಕಿತ್ತಳೆ ಬಣ್ಣ. ಅಂಕಿಯೊಂದನ್ನು ಬಿಟ್ಟು. ಅಂಕಿ ಹೇಳಲು ಬಾಯಿ ಬರಲಿಲ್ಲ, ಅವನೂ ಕೇಳಲಿಲ್ಲ.

ತಮ್ಮ ಟೀಪಾಯಿಯ ಮೇಲಿನ ಪತ್ರಿಕೆಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದ. "ಗೊತ್ತು ಅಕ್ಕ," ಎಂದ.

"ಏನು ಗೊತ್ತು?"

"ಶನಿವಾರ ಭಾನುವಾರದ ವಿಷಯ. ಐದು ವರ್ಷ ಆಯ್ತು. ಫ್ಯಾಕ್ಟರೀಲಿ ಒಂದ್ಸಲ ರಜೆ ಬಂದು ತೊಳೆಯೋ ನೀರು ಬದಲಿಸದೆ ಇಡೀ ಬ್ಯಾಚ್ ಹಾಳಾಯ್ತು. ಅವತ್ತು ತಲೆಗೆ ಹೊಳೀತು."

"ಐದು ವರ್ಷ! ನಂಗ್ಯಾಕೋ ಹೇಳ್ಲಿಲ್ಲ?"

"ಕೇಳಿದ್ದೆ. ಬರವಣಿಗೇಲಿ ಕೇಳು ಅಂದಿದ್ದಲ್ಲ ನೀನು, ಹಾಗೇ ಕೇಳಿದ್ದೆ. ಲ್ಯಾಬಿಗೆ ಕಾಗದ ಹಾಕಿದ್ದೆ."

ಲ್ಯಾಬಿಗೆ ಬಂದ ತಕರಾರಿನ ಕಾಗದಗಳನ್ನು, ಬರೆದವರ ಹೆಸರು ಕತ್ತರಿಸಿ, ಟೈಪು ಮಾಡಿಸಿ, ಸಂಬಂಧಪಟ್ಟವರಿಗೆ ಕೊಡಬೇಕು. ಆಗ ಉತ್ತರದಲ್ಲಿ ಮುಲಾಜು ಇರುವುದಿಲ್ಲ. ಈ ಪದ್ಧತಿಯನ್ನು ತಂದವಳು ಆಕೆಯೇ. ಐದು ವರ್ಷದ ಹಿಂದೆ ಅಂಥ ಒಂದು ಹಾಳೆ ಬಂದಿತ್ತು. ಎರಡೇ ಸಾಲು. ಪೊರೆಯ ಚೀಲ ಇಟ್ಟ ನೀರನ್ನು ಎಷ್ಟು ಸಲ ಬದಲಿಸುತ್ತೀರಿ, ರಜೆಯ ದಿನಗಳಲ್ಲೂ ಬದಲಿಸುತ್ತೀರಾ. ಯಾವನೋ ತಲೆಹರಟೆ ಎಂದು ಮೂಗು ಮುರಿದು, "ವಿಧಾನದ ಪ್ರಕಾರ ಮೂರು ದಿನ ನೆನೆಸಲಾಗಿದೆ" ಎಂದು ಬರೆದು, ಸಹಿ ಹಾಕಿ ಕಳಿಸಿದ್ದಳು.

"ನೀನು ಸುಳ್ಳು ಬರೀಲಿಲ್ಲ ಅಕ್ಕ," ತಮ್ಮ ಸಮಾಧಾನದ ದನಿಯಲ್ಲಿ ಹೇಳಿದ. "ನಾನು ಎಷ್ಟು ಸಲ ಅಂತ ಕೇಳಿದ್ದೆ, ನೀನು ಎಷ್ಟು ದಿನ ಅಂತ ಬರೆದಿದ್ದೆ. ಅಷ್ಟೇ. ಈಗ ಬಿಡು. ಆಗಿದ್ದು ಆಗಿಹೋಯ್ತು. ನಂಗೇನು ಕಡಿಮೆಯಾಗಿದೆ, ಚೆನ್ನಾಗೇ ಇದ್ದೀನಲ್ಲ. ನಾಳೆ ನಿನ್ನ ದಿನ. ಅಲ್ಲಿ ಇದನ್ನೆಲ್ಲ ಎತ್ತಬೇಡ. ಹೂವು ತಗೋ, ಫೋಟೋ ತೆಗೆಸ್ಕೋ, ಬಾ."

ಎಂಥ ಒಳ್ಳೆಯ ತಮ್ಮ. ಒಂದು ಮಾತು ಒರಟಿಲ್ಲ, ಒಂದು ದೂರಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಅಕ್ಕನನ್ನು ಆ ತಪ್ಪಿನಿಂದ ಎತ್ತಿ ಹೊರಗಿಟ್ಟ. ಮೆಟ್ಟಿಲು ಇಳಿಯುವಾಗ ಟಾರ್ಚು ಹಿಡಿದು ಕೆಳಗಿನವರೆಗೆ ಬಂದ. ಆಕೆಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಒಂಬತ್ತು ವರ್ಷದಿಂದ ಈ ಹುಡುಗ ತನ್ನ ಜೊತೆ ಹೀಗೇ ಸಿಹಿಯಾಗಿ ಮಾತಾಡುತ್ತಿದ್ದಾನಲ್ಲ ಎಂದು ಬೀದಿಯಲ್ಲಿ ನಡೆಯುತ್ತಿದ್ದವಳಿಗೆ ಹೊಳೆಯಿತು.

ಶುಕ್ರವಾರ ಮೂರು ಗಂಟೆಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲು ಮನೆಯವರಿಗೆ: ಗಂಡ, ತಮ್ಮ, ತಮ್ಮನ ಹೆಂಡತಿ. ಹಿಂದಿನ ಸಾಲಿನಲ್ಲಿ ಎದೆರೋಗದ ಡಾಕ್ಟರು, ಯಾರು ಕರೆದರೋ ಏನೋ, ಕುಳಿತಿದ್ದರು. ಮುಖ್ಯಸ್ಥರು ಮೈಕು ಹಿಡಿದು ನೇರ ಕಥೆಗೇ ಇಳಿದರು. ಚೀಟಿ ಬರೆದದ್ದು, ತಮ್ಮ ಬಾಗಿಲಲ್ಲಿ ನಿಂತದ್ದು, ಅಕ್ಕ ಮಿಸುಕದಿದ್ದದ್ದು. "ಇವತ್ತಿಗೂ ನಮ್ಮಲ್ಲಿ ಸೊನ್ನೆ ಅಂದ್ರೆ ಅದೇ ಮೂವತ್ತೊಂದು! ಸ್ವಂತ ತಮ್ಮನ್ನೇ ಸೊನ್ನೆ ಮಾಡಿದ ಮಹಾತಾಯಿ ಇವರು!" ಜನ ಗೊಳ್ಳೆಂದು ನಕ್ಕರು. ಮುಂದಿನ ಸಾಲಿನಲ್ಲಿ ತಮ್ಮನೂ ನಕ್ಕ, ಎಲ್ಲರಿಗಿಂತ ಮುಂಚೆ. ರೂಢಿಯಾದ ನಗು.

ಮೈಕು ಕೈಗೆ ಬಂದಾಗ ಆಕೆ ಬರೆದುಕೊಂಡು ಬಂದಿದ್ದ ಕಾಗದ ಬಿಚ್ಚಿದಳು. ವರದಿ ಓದುವಂತೆ ಓದಿದಳು. ಹನ್ನೊಂದು ವರ್ಷದಿಂದ ತಾನು ಕೊಟ್ಟ ಪ್ರೋಟೀನ್ ಶುದ್ಧವಾಗಿರಲಿಲ್ಲ. ವಾರಾಂತ್ಯದಲ್ಲಿ ನೀರು ಬದಲಾಗುತ್ತಿರಲಿಲ್ಲ. ಐದು ವರ್ಷದ ಹಿಂದೆ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು, ತಾನು ಕೊಟ್ಟದ್ದು ತಪ್ಪಿಸಿಕೊಳ್ಳುವ ಉತ್ತರ. ಇನ್ನೂರ ನಲವತ್ತು ಅಳತೆಗಳನ್ನೂ ರದ್ದು ಮಾಡಬೇಕು. ಮೂವತ್ತೊಂದು ಸೊನ್ನೆಯಲ್ಲ.

ಮುಖ್ಯಸ್ಥರ ಮುಖದಲ್ಲಿ ಬಣ್ಣ ಹೋಗಿ ಬಂತು. ಎಷ್ಟೆಂದರೂ ಮೂವತ್ತು ವರ್ಷ ಸಭೆ ನಡೆಸಿದವರು. ಎದ್ದು ನಿಂತು, ಗದ್ಗದ ಕಂಠದಲ್ಲಿ, "ನೋಡಿ! ಇದೇ ನಾನು ಹೇಳಿದ್ದು! ಸ್ವಂತ ತಮ್ಮನ್ನ ಬಿಡದೋರು ಕೊನೇ ದಿನ ತಮ್ಮನ್ನೇ ತಾವು ಬಿಡ್ಲಿಲ್ಲ! ಇಂಥ ನಿಷ್ಠುರತೆ ಇನ್ನೆಲ್ಲಿ ಸಿಗುತ್ತೆ?" ಎಂದು ಚಪ್ಪಾಳೆ ತಟ್ಟಿದರು. ಇಡೀ ಸಭೆ ಎದ್ದು ನಿಂತು ತಟ್ಟಿತು. ಯಾರೋ ಕಣ್ಣೊರೆಸಿಕೊಂಡರು. ತಪ್ಪೊಪ್ಪಿಗೆ ನೋಡನೋಡುತ್ತಿದ್ದಂತೆ ಇನ್ನೊಂದು ಬಿರುದಾಗಿ ಆಕೆಯ ಕುತ್ತಿಗೆಗೆ ಬಿತ್ತು.

"ದಯವಿಟ್ಟು ನಿಲ್ಲಿಸಿ," ಎಂದಳು ಮೈಕಿನಲ್ಲಿ. ವಿನಯ ಎಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರು.

ಚಪ್ಪಾಳೆ ತಟ್ಟದೆ ಕುಳಿತವರು ಎದೆರೋಗದ ಡಾಕ್ಟರು ಒಬ್ಬರೇ. ಸದ್ದು ಇಳಿದ ಮೇಲೆ ಕುಳಿತಲ್ಲಿಂದಲೇ ಕೇಳಿದರು, "ಎಷ್ಟಕ್ಕೆ ಇಳೀತು?"

"ಹನ್ನೊಂದು," ಎಂದಳು.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕರ್ರೆಂದಿತು. ತಮ್ಮ ಎದ್ದು, ಯಾರನ್ನೂ ನೋಡದೆ, ಪಕ್ಕದ ಬಾಗಿಲಿನಿಂದ ಹೊರಗೆ ಹೋದ. ಆಕೆ ಮೈಕನ್ನು ಮುಖ್ಯಸ್ಥರ ಕೈಗಿಟ್ಟು ಹಿಂದೆಯೇ ಹೋದಳು.

ಅವನು ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ನಿಂತಿದ್ದ. ತಿರುಗಿದಾಗ ಮುಖ ಕೆಂಪೇರಿತ್ತು. ಹುಟ್ಟಿದಾಗಿನಿಂದ ನೋಡಿದ ಮುಖ, ಆದರೂ ಹೊಸದು.

"ಹನ್ನೊಂದು? ಹನ್ನೊಂದಾ? ನಿನ್ನೆ ಮನೇಲಿ ಎದುರಿಗೆ ಕೂತು ಎಲ್ಲಾ ಹೇಳ್ದೆ, ಇದನ್ನ ಹೇಳ್ಲಿಲ್ಲ ನೀನು! ನಾನೇನಂದ್ಕೊಂಡಿದ್ದೆ ಗೊತ್ತಾ? ಐನೂರು ಇರಬಹುದು, ಆರ್ನೂರು ಇರಬಹುದು, ಹೋಗಲಿ ಬಿಡು ಅಂದ್ಕೊಂಡಿದ್ದೆ. ಒಂಬತ್ತು ವರ್ಷದಿಂದ ಅಂದ್ಕೊಂಡೇ ಇದ್ದೀನಿ, ನಂದೇ ಏನೋ ಕೆಟ್ಟದಿರಬೇಕು, ನನ್ನ ಕೈಯಲ್ಲೇ ಸತ್ವ ಇಲ್ಲ ಅಂತ. ಹನ್ನೊಂದು ಬರೋದನ್ನ ಮಾಡಿ, ಸಿಹಿಗುಳಿಗೆ ಎಣಿಸ್ತಾ ಕೂತಿದ್ದೀನಿ ನಾನು! ನಾಲ್ಕು ಗಂಟೆ ಕೇಳಿದ್ದೆ. ನಾಲ್ಕು ಗಂಟೆ. ಬೇರೆ ಯಾವನಾದ್ರೂ ಕೇಳಿದ್ರೆ ಬಿಟ್ಟು ನೋಡ್ತಿದ್ದೆ ನೀನು. ತಮ್ಮ ಅಂತಾನೇ ನೋಡ್ಲಿಲ್ಲ. ಅದನ್ನ ನ್ಯಾಯ ಅಂತ ಕರೆದೆ. ಊರೆಲ್ಲ ಹೇಳ್ಕೊಂಡು ನಗೋ ಕಥೆ ಆಯ್ತು ಅದು, ಇವತ್ತು ನಾನೂ ಕೂತು ನಕ್ಕೆ. ನಂದು ಹಾಳಾಗಿ ಹೋಗ್ಲಿ. ಆ ಡಾಕ್ಟ್ರು ಪ್ರತಿ ವರ್ಷ ಬಂದು ಇಳೀತಾ ಅಂತ ಕೇಳ್ತಿದ್ರಲ್ಲ, ಅವರ ವಾರ್ಡಲ್ಲಿ ಕೆಮ್ಮಿ ಕೆಮ್ಮಿ ಹೋದೋರಿಗೆ ಯಾವ ತಕ್ಕಡೀಲಿ ಅಳೆದು ಉತ್ತರ ಕೊಡ್ತೀಯ?"

ಇದು ಗಾಜಿನ ತಟ್ಟೆಯ ಅಂಕಿ, ಇಲಿ ದಾಟಬೇಕು, ಮನುಷ್ಯರನ್ನು ದಾಟಬೇಕು, ಔಷಧಿ ಆಗುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದು ಆಕೆ ಹೇಳಬಹುದಿತ್ತು. ಎಲ್ಲವೂ ಸರಿಯಾದ ಮಾತುಗಳೇ. ಸರಿಯಾದ ಮಾತುಗಳನ್ನು ಆಡಿ ಆಡಿ ಆಕೆಗೆ ಸಾಕಾಗಿತ್ತು.

"ಬೈಯಿ," ಎಂದಳು. "ಇನ್ನೂ ಇದ್ರೆ ಬೈಯಿ."

ಇನ್ನೂ ಇತ್ತು. ಅಪ್ಪ ಕೊನೆಗಾಲದಲ್ಲಿ, ಚಿಕ್ಕವನು ಯಾಕೋ ಮೇಲೆ ಬರಲಿಲ್ಲ ಎಂದು ಕೊರಗಿದ್ದನ್ನು ಹೇಳಿದ. ಕಾರ್ಖಾನೆಯ ಮೊದಲ ವರ್ಷ ಯಾರ ಜೊತೆಯೂ ಮಾತಾಡದೆ ಊಟ ಮಾಡುತ್ತಿದ್ದದ್ದನ್ನು ಹೇಳಿದ. ಹೇಳುತ್ತಾ ಹೇಳುತ್ತಾ ದನಿ ಒಡೆಯಿತು, ಕಿಟಕಿಯ ಕಡೆ ತಿರುಗಿಕೊಂಡ. ಆಕೆಯ ಕೈ ಅವನ ಬೆನ್ನಿನ ಕಡೆ ಅರ್ಧ ಹೋಗಿ ನಿಂತಿತು. ಸಂಕಟದ ಜೊತೆಗೇ, ಒಂಬತ್ತು ವರ್ಷದ ಮೇಲೆ ಇವತ್ತು ತಮ್ಮನೇ ಎದುರಿಗೆ ನಿಂತಿದ್ದಾನೆ ಎಂದು ಆಕೆಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅವನು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. "ಎಷ್ಟು ಉಳಿದಿದೆ ಮೂವತ್ತೊಂದು?"

"ಏನೂ ಇಲ್ಲದಂತೆಯೇ. ಸೊನ್ನೆ ತೋರಿಸೋಕೆ ಖರ್ಚು ಮಾಡಿಬಿಟ್ವಿ."

"ಮತ್ತೆ ಮಾಡ್ತೀನಿ. ಸೋಮವಾರದಿಂದ ರಜೆ ಹಾಕ್ತೀನಿ. ನಾನಿಲ್ಲದೆ ಅದನ್ನ ಕಟ್ಟೋ ನಾಲ್ಕನೇ ಹಂತ ಯಾರಿಗೂ ಬರಲ್ಲ." ಆಕೆಯ ಕಣ್ಣು ನೋಡಿ ಹೇಳಿದ, "ಆದ್ರೆ ನಿನ್ನ ಕೈಯ ಪ್ರೋಟೀನ್ ನಂಗೆ ಬೇಡ."

ಕೆಳಗಿನ ಫ್ರಿಜ್ಜಿನಲ್ಲಿ, ಆರು ನೀರು ಕಂಡು ಬಂದ ಪ್ರೋಟೀನ್ ಇತ್ತು. ಹನ್ನೊಂದು ವರ್ಷದಲ್ಲಿ ಆಕೆಯ ಕೈಯಿಂದ ಬಂದ ಒಂದೇ ಒಂದು ಶುದ್ಧ ಪ್ರೋಟೀನ್. ಅದು ಚೆನ್ನಾಗಿದೆ ಕಣೋ, ಅದನ್ನು ತಗೋ ಎಂಬ ಮಾತು ಗಂಟಲವರೆಗೆ ಬಂತು.

"ಬೇಡ," ಎಂದಳು. "ಬೇರೆಯವರ ಕೈಲಿ ಮಾಡಿಸ್ಕೋ. ನಾನು ಆ ಕಡೆ ತಲೆನೂ ಹಾಕಲ್ಲ."

ಅವನು ತಲೆಯಾಡಿಸಿ ಮೆಟ್ಟಿಲ ಕಡೆ ನಡೆದ. ಇಷ್ಟು ಹೊತ್ತಿನಲ್ಲಿ ಒಮ್ಮೆಯೂ ಅಕ್ಕ ಎಂದಿರಲಿಲ್ಲ ಎಂಬುದು ಆಕೆಗೆ ಆಗ ಗಮನಕ್ಕೆ ಬಂತು. ತಿರುವಿನವರೆಗೆ ಕಾದಳು. ಹೆಜ್ಜೆ ಸದ್ದು ಇಳಿಯುತ್ತಾ ಹೋಯಿತು.

ಸಭಾಂಗಣದ ಬಾಗಿಲಿನಿಂದ ಮುಖ್ಯಸ್ಥರು ಇಣುಕಿ, "ಮೇಡಂ, ಫೋಟೋಗೆ ಎಲ್ಲರೂ ಕಾಯ್ತಿದ್ದಾರೆ. ತಮ್ಮ ಎಲ್ಲಿ?" ಎಂದರು.

"ಕೆಲಸಕ್ಕೆ ಹೋದ," ಎಂದಳು ಆಕೆ.